ಎದುರುಗಾಳಿಯ ಅರ್ಧ ಕೂಡಿಸಿದೆ, ಏರ್‌ಫೀಲ್ಡ್ ಸಿಕ್ಕಿತು

"ಎಲ್‌ಎಸ್4 ನೂರಕ್ಕೆ ಹೋದರೆ 40 ಗ್ಲೈಡ್ ಕೊಡುತ್ತೆ. ಜಾಸ್ತಿ ಓಡಿಸಿ ಎತ್ತರ ಯಾಕೆ ಕಳೀತೀಯ?" ಕ್ಲಬ್ಬಿನ ಹಿರಿಯರು ಎರಡು ಸೀಸನ್ ಇದನ್ನೇ ಹೇಳಿದರು. ನಾನೂ ನಂಬಿದೆ. ಎಲ್‌ಎಸ್4 ಅಂದರೆ ನಾನು ಹಾರಿಸುವ, ಎಂಜಿನ್ ಇಲ್ಲದ ಗ್ಲೈಡರ್. 40 ಗ್ಲೈಡ್ ಅಂದರೆ 1 ಕಿಲೋಮೀಟರ್ ಎತ್ತರ ಕಳೆದು 40 ಕಿಲೋಮೀಟರ್ ಮುಂದೆ ಹೋಗುವುದು. ವೇಗವೆಲ್ಲ ಗಂಟೆಗೆ ಕಿಲೋಮೀಟರಿನಲ್ಲಿ.

ಜರ್ಮನಿಯ ಶ್ವೇಬಿಷ್ ಆಲ್ಬ್ ಗುಡ್ಡಸಾಲಿನಲ್ಲಿ ಪೂರ್ವದಿಂದ ಸಂಜೆ ವಾಪಸ್ ಬರುವಾಗ ಪಡುವಣ ಗಾಳಿ ನೇರ ಮುಖಕ್ಕೆ ಬಡಿಯುತ್ತದೆ. ಏರ್‌ಫೀಲ್ಡ್ ಕಣ್ಣೆದುರೇ ಇದ್ದರೂ ಎರಡು ಸಲ ಹೊಲದಲ್ಲಿ ಇಳಿದೆ. ಎರಡನೇ ಸಲ ಗೋಧಿಯ ಕೂಳೆ ಗ್ಲೈಡರಿನ ಹೊಟ್ಟೆಗೆ ಉದ್ದಕ್ಕೂ ಗೀರು ಹಾಕಿತ್ತು. ಟ್ರೇಲರ್ ತಂದವರಿಗೆ ಊಟ, ಡೀಸೆಲ್, ಗೀರು ಮುಚ್ಚುವ ಜೆಲ್‌ಕೋಟ್ ಲೇಪ ಎಲ್ಲ ಸೇರಿ ಎರಡಕ್ಕೂ 350 ಯೂರೋ ಆಸುಪಾಸು ಹೋಯ್ತು.

ಆ ರಾತ್ರಿ ಲಾಗರ್, ಅಂದರೆ ಹಾರಾಟ ದಾಖಲಿಸುವ ಪೆಟ್ಟಿಗೆ, ತೆಗೆದು ನೋಡಿದೆ. ವೇಗದ ಮೀಟರಿನಲ್ಲಿ 100, ನೆಲದ ಮೇಲೆ ಬರೀ 60. ಅಂದರೆ ಗಾಳಿ 40. ಅದರ ಅರ್ಧ ಸೇರಿಸಿ 120ಕ್ಕೆ ಲೆಕ್ಕ ಹಾಕಿದೆ. ಬರೀ ಎದುರುಗಾಳಿಗೆ ಲಾಭ ತೀರಾ ಕಡಿಮೆ. ಆದರೆ ಸೆಕೆಂಡಿಗೆ 1 ಮೀಟರ್ ಕೆಳಗಿಳಿಯುವ ಗಾಳಿ, ಅಂದರೆ ಸಿಂಕ್, ಜೊತೆಗಿದ್ದರೆ 10 ಇದ್ದ ಗ್ಲೈಡ್ ಹನ್ನೊಂದೂವರೆ ಆಗುತ್ತೆ. 1000 ಮೀಟರ್ ಎತ್ತರಕ್ಕೆ ಒಂದೂವರೆ ಕಿಲೋಮೀಟರ್ ಜಾಸ್ತಿ! ನಾನು ಹೊಲಕ್ಕೆ ಬಿದ್ದಾಗ ಏರ್‌ಫೀಲ್ಡಿಗೆ ಉಳಿದಿದ್ದದ್ದು ಅಷ್ಟೇ ದೂರ.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಥರ್ಮಲಿನಿಂದ (ಮೇಲೇರುವ ಬಿಸಿಗಾಳಿ) ಥರ್ಮಲಿಗೆ ಹೋಗುವಾಗಲೂ ಅರ್ಧ ಕೂಡಿಸಿದೆ. ಪ್ರತಿ ಮೋಡದಡಿಗೂ ತಗ್ಗಿನಲ್ಲೇ ತಲುಪಿದೆ, ಸರಾಸರಿ ವೇಗ ಕುಸಿಯಿತು. ಥರ್ಮಲೂ ಅದೇ ಗಾಳಿಯಲ್ಲಿ ತೇಲುತ್ತಿರುತ್ತೆ, ಅಲ್ವಾ? ಅಲ್ಲಿ ಮ್ಯಾಕ್ರೆಡಿ ರಿಂಗ್ (ಎಷ್ಟು ವೇಗ ಹಿಡಿಯಬೇಕೆಂದು ತೋರಿಸುವ ಬಳೆ) ಸಾಕು, ಮುಂದಿನ ಏರಿಕೆ ಎಷ್ಟು ಅನ್ನೋದಷ್ಟೇ ಮುಖ್ಯ. ಅರ್ಧ ಕೂಡಿಸುವುದು ಅಲುಗಾಡದ ಗುರಿಗೆ, ಅಂದರೆ ಏರ್‌ಫೀಲ್ಡಿಗೆ. ಗುಡ್ಡಕ್ಕೆ ಬಡಿದು ಮೇಲೇರುವ ಗಾಳಿಗೂ ಹಾಗೇ, ಅದೂ ಅಲುಗಾಡಲ್ಲ.

ಗಾಳಿ ಹಿಂದಿನಿಂದ ಬಂದಾಗ 90ಕ್ಕೆ ಇಳಿಸಿಯೂ ನೋಡಿದೆ. ಉಳಿದದ್ದು ಏನೂ ಇಲ್ಲ, ಸಿಂಕಿನಲ್ಲಿ ಸುಮ್ನೆ ಜಾಸ್ತಿ ಹೊತ್ತು ಕೂತೆ.

ಹೋದ ಆಗಸ್ಟ್‌ನಲ್ಲಿ 25 ಕಿಲೋಮೀಟರ್ ದೂರ, ಕೈಯಲ್ಲಿ 1500 ಮೀಟರ್. ಕಂಪ್ಯೂಟರ್ ಹೇಳಿದ ಗಾಳಿಯನ್ನು ನಾನು ನಂಬಲ್ಲ, ಅದು ಹಿಂದೆ ಥರ್ಮಲಿನಲ್ಲಿ ಸುತ್ತಿದ ಜಾಗದ ಲೆಕ್ಕ. ಮೋಡದ ನೆರಳು ಹೊಲ ದಾಟುವ ವೇಗ, ಗಾಳಿಗಿರಣಿಗಳ ಮುಖ, ಎರಡನ್ನೂ ನೋಡಿದೆ. 120 ಹಿಡಿದೆ, ಸಿಂಕಿನಲ್ಲಿ 130. ಗುಡ್ಡದಂಚಿನ ಟೆಕ್ ಕೋಟೆ ದಾಟುವಾಗ ಕೈ ಬೆವರಿತ್ತು. ಏರ್‌ಫೀಲ್ಡ್ ಮೇಲೆ 250 ಮೀಟರ್ ಉಳಿದಿತ್ತು. ಕೊನೆಯ ಐದು ಕಿಲೋಮೀಟರಿಗೆ ಎಷ್ಟು ಎತ್ತರ ಎತ್ತಿಡುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಗ್ಲೈಡರ್ ಎಳೆದು ಮೇಲೇರಿಸುವ ವಿಂಚ್ ಯಂತ್ರದ ಹತ್ತಿರ ನಿಂತಿದ್ದ ಹಿರಿಯರು ಮೊದಲು ಕೇಳಿದ್ದು ಲಾಗರ್ ಫೈಲ್.