ಸಾಫ್ಟ್‌ವೇರ್ ಡಿಗ್ರಿಗೆ ಸೇರಿದ್ದೀರಾ? ಮೊದಲು ಕರೆಂಟ್ ಬಿಲ್ ಲೆಕ್ಕ ಹಾಕಿ

ಇಂಜಿನಿಯರಿಂಗ್ ಮೊದಲ ವರ್ಷದ ಸಿ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ಪರೀಕ್ಷೆ. ಚೀಟಿ ಎತ್ತಿದರೆ ಕರೆಂಟ್ ಬಿಲ್ ಪ್ರೋಗ್ರಾಂ ಬಂದಿರುತ್ತದೆ. ಹುಡುಗಿ ಸರಸರ ಮೂವತ್ತು ಸಾಲು ಬರೆಯುತ್ತಾಳೆ, ಟೈಪ್ ಮಾಡುತ್ತಾಳೆ, ರನ್ ಮಾಡಿ ಔಟ್‌ಪುಟ್ ತೋರಿಸುತ್ತಾಳೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನಾನು ಕೇಳುವುದು ಒಂದೇ ಪ್ರಶ್ನೆ: "350 ಯೂನಿಟ್‌ಗೆ ಬಿಲ್ ಎಷ್ಟಾಗುತ್ತೆ, ಪೇಪರ್ ಮೇಲೆ ಲೆಕ್ಕ ಮಾಡಿ ಹೇಳಮ್ಮ." ಅಲ್ಲಿಗೆ ಮಾತು ನಿಂತುಬಿಡುತ್ತದೆ.

ಹನ್ನೊಂದು ವರ್ಷದಿಂದ ಇದನ್ನೇ ನೋಡುತ್ತಿದ್ದೇನೆ. ಕೂಡುವುದು, ಗುಣಿಸುವುದು ಬಿಟ್ಟರೆ ಆ ಲೆಕ್ಕದಲ್ಲಿ ಬೇರೇನೂ ಇಲ್ಲ. ಪಿಯುಸಿ ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆದ ಮಕ್ಕಳಿವರು, ಬುದ್ಧಿಗೆ ಏನೂ ಕಡಿಮೆಯಿಲ್ಲ. ಪ್ರೋಗ್ರಾಂ ಅಂದರೆ ಉರು ಹೊಡೆಯುವ ವಸ್ತು ಅಂತ ಯಾರೋ ಸೀನಿಯರ್ ಹೇಳಿರುತ್ತಾರೆ, ಇವರು ನಂಬಿರುತ್ತಾರೆ. ಮೂರನೇ ಸೆಮಿಸ್ಟರ್‌ನಲ್ಲಿ ಡೇಟಾ ಸ್ಟ್ರಕ್ಚರ್ (ಮಾಹಿತಿ ಜೋಡಿಸಿಡುವ ವಿಧಾನಗಳ ಪಾಠ) ಬಂದಾಗ ಉರು ಹೊಡೆದದ್ದು ಯಾವುದೂ ಕೈಗೆ ಬರುವುದಿಲ್ಲ. ಆಗ "ನನಗೆ ಕೋಡಿಂಗ್ ಆಗಲ್ಲ ಸರ್" ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಸ್ಟಾಫ್ ರೂಮಿಗೆ ಬರುತ್ತಾರೆ. ಆಗಲ್ಲ ಅಂತಲ್ಲ, ಶುರು ಮಾಡಿದ ರೀತಿ ತಪ್ಪು.

ಹೆಜ್ಜೆ 1: ಬ್ರಾಂಚ್ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ

ಇನ್ನೂ ಸೀಟು ಆಗಿಲ್ಲ ಅನ್ನುವವರಿಗೆ ಮಾತ್ರ ಇದು. ಬಿಇ ನಾಲ್ಕು ವರ್ಷ, ಬಿಸಿಎ ಮೂರು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೇ ಸೇರಬಹುದು. ಕಂಪ್ಯೂಟರ್ ಸೈನ್ಸಾ, ಇನ್ಫರ್ಮೇಷನ್ ಸೈನ್ಸಾ, ಎಐ ಇರುವುದಾ, ಡೇಟಾ ಸೈನ್ಸಾ ಅಂತ ತಂದೆತಾಯಿ ತಿಂಗಳುಗಟ್ಟಲೆ ಚರ್ಚೆ ಮಾಡುತ್ತಾರೆ. ಮೊದಲ ವರ್ಷ ಇವಕ್ಕೆಲ್ಲ ಹೆಚ್ಚುಕಡಿಮೆ ಒಂದೇ ಪಾಠ. ಬ್ರಾಂಚಿನ ಹೆಸರು ಬಿಡಿ, ಕಾಲೇಜು ನೋಡಿ. ಲ್ಯಾಬ್ ಸಂಜೆವರೆಗೂ ತೆರೆದಿರುತ್ತದಾ ಅಂತ ಅಲ್ಲೇ ಓದುತ್ತಿರುವ ಮಕ್ಕಳನ್ನು ಕೇಳಿ.

ಸಿಇಟಿ ಆಪ್ಶನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವಾಗ, ಜನ ಮತ್ತೆ ಮತ್ತೆ ಮಾಡುವ ತಪ್ಪೊಂದಿದೆ. "ನಮಗೆ ಇದೇ ಸಿಗೋದು" ಅನ್ನುವ ಕಾಲೇಜನ್ನು ಮೇಲೆ ಹಾಕಿ, ನಿಜವಾಗಿ ಬೇಕಾದ್ದನ್ನು ಕೆಳಗೆ ಹಾಕುತ್ತಾರೆ. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡಿಕೊಂಡು ಬರುತ್ತದೆ. ನಿಮ್ಮ ರ್‍ಯಾಂಕಿಗೆ ಮೊದಲು ಯಾವುದು ಸಿಗುತ್ತದೋ ಅದನ್ನು ಕೊಟ್ಟುಬಿಡುತ್ತದೆ, ಅದರ ಕೆಳಗಿನವನ್ನು ನೋಡುವುದೇ ಇಲ್ಲ. ಆದ್ದರಿಂದ ಆಸೆಯ ಕ್ರಮದಲ್ಲೇ ಹಾಕಿ. ಸಿಗದ ಕಾಲೇಜು ಮೇಲೆ ಕೂತಿದ್ದರೆ ನಷ್ಟವೇನಿಲ್ಲ.

ಹೆಜ್ಜೆ 2: ಲ್ಯಾಪ್‌ಟಾಪ್

8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ, ಒಳ್ಳೆ ಕೀಬೋರ್ಡ್. ಇಷ್ಟು ಸಾಕು. ಕೆಂಪು ದೀಪ ಮಿನುಗುವ ಗೇಮಿಂಗ್ ಲ್ಯಾಪ್‌ಟಾಪ್‌ಗಾಗಿ ಅಪ್ಪ ಸಾಲ ಮಾಡುವುದು ಬೇಡವೇ ಬೇಡ. ಅದು ಭಾರ ಜಾಸ್ತಿ, ಬ್ಯಾಟರಿಯೂ ನಿಲ್ಲುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಆಫೀಸಿನವರು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಸಿಗುತ್ತವೆ. ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ. ಇಂಟೆಲ್ ಆದರೆ 8ನೇ ಜನರೇಷನ್ ಅಥವಾ ಅದರ ನಂತರದ್ದೇ ಇರಲಿ, ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಮೊದಲ ಸೆಮಿಸ್ಟರ್ ಲ್ಯಾಪ್‌ಟಾಪ್ ಇಲ್ಲದೆಯೂ ನಡೆಯುತ್ತದೆ. ಕಾಲೇಜಿನ ಲ್ಯಾಬ್, ಒಂದು ನೋಟ್‌ಬುಕ್ ಇದ್ದರೆ ಆಯ್ತು.

ಹೆಜ್ಜೆ 3: ಟರ್ಬೊ ಸಿ ಮುಟ್ಟಬೇಡಿ

ನೀಲಿ ಪರದೆಯ ಟರ್ಬೊ ಸಿ ಇನ್ನೂ ಎಷ್ಟೋ ಕಡೆ ಓಡುತ್ತಿದೆ. ಸಿ ಪ್ರೋಗ್ರಾಂ ಓಡಿಸುವ, ಡಾಸ್ ಕಾಲದ ಹಳೆಯ ತಂತ್ರಾಂಶ ಅದು. ಈಗಿನ ಕಂಪ್ಯೂಟರಿನಲ್ಲಿ ಅದನ್ನು ಓಡಿಸಬೇಕಾದರೆ ಡಾಸ್‌ಬಾಕ್ಸ್ ಅಂತ ಇನ್ನೊಂದು ತಂತ್ರಾಂಶ ಬೇಕು. ಟರ್ಬೊ ಸಿಯಲ್ಲಿ ಇಂಟ್ (ಪೂರ್ಣಾಂಕ ಇಡುವ ಜಾಗ) ಅಂದರೆ ಎರಡೇ ಬೈಟ್, 32767ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ. 8ರ ಫ್ಯಾಕ್ಟೋರಿಯಲ್ 40320 ಬರಬೇಕಾದ ಜಾಗದಲ್ಲಿ ‑25216 ಬರುತ್ತದೆ. ಹೊಸದಾಗಿ ಕಲಿಯುವವರು ತಮ್ಮದೇ ತಪ್ಪು ಅಂದುಕೊಂಡು ಗಂಟೆಗಟ್ಟಲೆ ಹುಡುಕುತ್ತಾರೆ. ಸ್ಕ್ರೀನ್ ಅಳಿಸುವ ಕ್ಲಿಯರ್‌ಸ್ಕ್ರೀನ್ ಫಂಕ್ಷನ್, ವಾಯ್ಡ್ ಮೇನ್, ಇವೆಲ್ಲ ಅಲ್ಲಿಂದ ಅಂಟಿಕೊಂಡ ಚಾಳಿ. ಬೇರೆ ಕಂಪೈಲರ್‌ಗೆ (ಬರೆದ ಪ್ರೋಗ್ರಾಂ ಅನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ತಿರುಗಿಸುವ ತಂತ್ರಾಂಶ) ಹೋದ ದಿನ ಕೈ ಕೊಡುತ್ತವೆ.

ಜಿಸಿಸಿ ಅನ್ನುವ ಕಂಪೈಲರ್ ಬಳಸಿ. ವಿಂಡೋಸ್‌ನಲ್ಲಿ ಕೋಡ್‌ಬ್ಲಾಕ್ಸ್ (ಪ್ರೋಗ್ರಾಂ ಬರೆದು ಓಡಿಸುವ ತಂತ್ರಾಂಶ) ಇಳಿಸಿಕೊಳ್ಳುವಾಗ ಮಿಂಗ್‌ಡಬ್ಲ್ಯೂ ಅಂತ ಹೆಸರಿರುವ ಫೈಲನ್ನೇ ಆರಿಸಿ, ಜಿಸಿಸಿ ಅದರಲ್ಲೇ ಇರುತ್ತದೆ. ಅದು ಇಲ್ಲದ್ದನ್ನು ಹಾಕಿಕೊಂಡು "ಕಂಪೈಲರೇ ಇಲ್ಲ ಅಂತಿದೆ ಸರ್" ಅಂತ ಪ್ರತಿ ವರ್ಷ ಕೆಲವರು ಬರುತ್ತಾರೆ. ಉಬುಂಟು ಇದ್ದರೆ ಇನ್ನೂ ಸುಲಭ.

ಹೆಜ್ಜೆ 4: ಕರೆಂಟ್ ಬಿಲ್. ಇಲ್ಲಿ ನಿಧಾನ ಮಾಡಿ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಲ್ಯಾಬ್‌ನಲ್ಲಿ ಕೊಡುತ್ತಾ ಬಂದ ಲೆಕ್ಕ ಇದು. ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ. ಮುಂದಿನ 100 ಯೂನಿಟ್‌ಗೆ 90 ಪೈಸೆ. 300 ದಾಟಿದ ಮೇಲೆ ಯೂನಿಟ್‌ಗೆ 1 ರೂಪಾಯಿ. ಎಲ್ಲರಿಗೂ ಮೀಟರ್ ಶುಲ್ಕ 100 ರೂಪಾಯಿ. ಒಟ್ಟು 400 ರೂಪಾಯಿಗಿಂತ ಜಾಸ್ತಿಯಾದರೆ ಒಟ್ಟಿನ ಮೇಲೆ 15% ಸರ್‌ಚಾರ್ಜ್. ದರ ನಮ್ಮ ಎಸ್ಕಾಂಗಳದ್ದಲ್ಲ, ಲೆಕ್ಕಕ್ಕಾಗಿ ಕೊಟ್ಟದ್ದು.

ಕಂಪ್ಯೂಟರ್ ಆನ್ ಮಾಡಬೇಡಿ. ಲ್ಯಾಬ್ ಮ್ಯಾನ್ಯುಯಲ್ ಮುಚ್ಚಿಡಿ. ರಫ್ ಹಾಳೆ ತೆಗೆದುಕೊಂಡು 150 ಯೂನಿಟ್‌ಗೆ ಬಿಲ್ ಎಷ್ಟು ಅಂತ ಕೈಯಲ್ಲಿ ಲೆಕ್ಕ ಹಾಕಿ. 150ಕ್ಕೆ 80 ಪೈಸೆಯಂತೆ 120, ಮೀಟರ್ 100, ಒಟ್ಟು 220. ಈಗ 250 ಯೂನಿಟ್. ಮೊದಲ 200ಕ್ಕೆ 160, ಉಳಿದ 50ಕ್ಕೆ 45, ಮೀಟರ್ 100, ಒಟ್ಟು 305. ಈಗ 350. ಇಲ್ಲಿ ಅರ್ಧ ಕ್ಲಾಸು ಎಡವುತ್ತದೆ. 350 ಯೂನಿಟ್ ಪೂರ್ತಿ 1 ರೂಪಾಯಿಯಂತೆ ಹಿಡಿದು, 100 ಸೇರಿಸಿ 450 ಅಂತ ಬರೆದು, ಮೇಲೆ ಸರ್‌ಚಾರ್ಜ್ ಬೇರೆ ಹಾಕಿ 517.50 ಅನ್ನುತ್ತಾರೆ. ಸರಿ ಉತ್ತರ 160, 90, 50, ಮೇಲೆ 100, ಅಂದರೆ ಸರಿಯಾಗಿ 400. ಸರ್‌ಚಾರ್ಜ್ ಬೀಳುವುದಿಲ್ಲ, ಯಾಕಂದರೆ "400ಕ್ಕಿಂತ ಜಾಸ್ತಿ" ಅಂದಿದ್ದಾರೆ, "400 ಆದರೆ" ಅಂದಿಲ್ಲ. 351 ಯೂನಿಟ್ ಉರಿಸಿದವರಿಗೆ 401 ಆಗಿ, 60.15 ಸರ್‌ಚಾರ್ಜ್ ಸೇರಿ 461.15 ಬರುತ್ತದೆ. ನಾನು ವೈವಾದಲ್ಲಿ 350 ಕೇಳುವುದು ಇದೇ ಕಾರಣಕ್ಕೆ. ಲೆಕ್ಕದ ಗಡಿ ಎಲ್ಲಿದೆ ಅಂತ ಗೊತ್ತಿದ್ದವರಿಗೆ ಮಾತ್ರ ಅದು ಸರಿಯಾಗಿ ಬರುತ್ತದೆ.

ಕೈಯಲ್ಲಿ ಏನೇನು ಮಾಡಿದಿರೋ ಅದನ್ನೇ ಈಗ ಕನ್ನಡದಲ್ಲಿ ಬರೆಯಿರಿ. ಹೌದು, ಕನ್ನಡದಲ್ಲೇ.

ಯೂನಿಟ್ 200 ಅಥವಾ ಕಡಿಮೆ ಇದ್ದರೆ, ಬಿಲ್ = ಯೂನಿಟ್ × 0.80
ಇಲ್ಲದಿದ್ದರೆ, ಯೂನಿಟ್ 300 ಅಥವಾ ಕಡಿಮೆ ಇದ್ದರೆ, ಬಿಲ್ = 160 + (ಯೂನಿಟ್ - 200) × 0.90
ಅದೂ ಇಲ್ಲದಿದ್ದರೆ, ಬಿಲ್ = 250 + (ಯೂನಿಟ್ - 300) × 1
ಬಿಲ್ = ಬಿಲ್ + 100
ಬಿಲ್ 400ಕ್ಕಿಂತ ಜಾಸ್ತಿ ಇದ್ದರೆ, ಬಿಲ್ = ಬಿಲ್ + ಬಿಲ್ × 0.15

ಪ್ರೋಗ್ರಾಂ ಅಂದರೆ ಇದೇ. ಸಿ ಭಾಷೆಗೆ ತಿರುಗಿಸುವುದು ಆಮೇಲಿನ ಕೆಲಸ. ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಇಂಗ್ಲಿಷ್ ಬರಲ್ಲ ಅಂತ ಹಿಂದಿನ ಬೆಂಚಿಗೆ ಹೋಗಬೇಡಿ. ಸಿಯಲ್ಲಿ ಮೂಲದಲ್ಲಿ ಇರುವ ಕೀವರ್ಡ್‌ಗಳು (ಭಾಷೆಗೇ ಮೀಸಲಾದ ಪದಗಳು) 32 ಮಾತ್ರ, ಮೊದಲ ಸೆಮಿಸ್ಟರ್‌ಗೆ ಅದರಲ್ಲಿ ಹತ್ತು ಹನ್ನೆರಡು ಸಾಕು. ಯೋಚನೆ ನಿಮ್ಮ ಮಾತಿನಲ್ಲೇ ನಡೆಯಲಿ.

ಇನ್ನು ಸಾಲುಗಳ ಕ್ರಮ. 300ರ ಸಾಲನ್ನು ಮೊದಲು ಬರೆದು 200ರ ಸಾಲನ್ನು ಆಮೇಲೆ ಬರೆದರೆ ಏನಾಗುತ್ತದೆ? 150 ಕೂಡ 300ಕ್ಕಿಂತ ಕಡಿಮೆಯೇ ಅಲ್ವಾ, ಅದು ಮೊದಲ ಸಾಲಿನಲ್ಲೇ ಸಿಕ್ಕಿಬೀಳುತ್ತದೆ. 160ರಿಂದ 45 ಕಳೆದು 115, ಮೀಟರ್ ಸೇರಿ 215. ಸರಿ ಉತ್ತರ 220. ಐದೇ ರೂಪಾಯಿ ವ್ಯತ್ಯಾಸ! ಕೈಲೆಕ್ಕ ಪಕ್ಕದಲ್ಲಿ ಇಲ್ಲದಿದ್ದರೆ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಎರರ್ ಬರುವುದಿಲ್ಲ, ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತದೆ, ಉತ್ತರ ಮಾತ್ರ ತಪ್ಪು.

ಇನ್ನೊಂದು ಹೊಂಡ ಇದಕ್ಕಿಂತ ಕೆಟ್ಟದ್ದು. 15% ಅಂತ ಕೆಲವರು 0.15 ಬದಲು ಆವರಣದೊಳಗೆ 15/100 ಅಂತ ಬರೆಯುತ್ತಾರೆ. ಸಿಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಾಂಶ ಭಾಗ ಬಿದ್ದುಹೋಗುತ್ತದೆ. 15/100 ಅಂದರೆ ಸೊನ್ನೆ. ಸರ್‌ಚಾರ್ಜ್ ಮಾಯ. 15.0/100 ಅಂತ ಬರೆದರೆ ಸರಿಹೋಗುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಮುಂದಿನ ವಾರ ಅದನ್ನೇ ಬರೆಯುತ್ತಾರೆ. 351ಕ್ಕೆ 401.00 ಬಂದದ್ದನ್ನು ತಮ್ಮ ಸ್ಕ್ರೀನ್ ಮೇಲೆ ಕಂಡವರು ಮಾತ್ರ ಮತ್ತೆ ಮರೆಯುವುದಿಲ್ಲ.

ಟೈಪ್ ಮಾಡಿ ಆದ ಮೇಲೆ ಈ ಎಂಟು ಸಂಖ್ಯೆ ಕೊಟ್ಟು ನೋಡಿ: 0, 150, 200, 201, 300, 301, 350, 351. ಪ್ರತಿಯೊಂದಕ್ಕೂ ಉತ್ತರ ಮೊದಲು ಹಾಳೆಯ ಮೇಲೆ, ಆಮೇಲೆ ಸ್ಕ್ರೀನ್ ಮೇಲೆ. ಎರಡೂ ತಾಳೆ ಆಗದಿದ್ದರೆ ಸಾಲು ಸಾಲಾಗಿ ಬೆರಳಿಟ್ಟು ಓದುತ್ತಾ, ಪಕ್ಕದಲ್ಲಿ ಯೂನಿಟ್ ಎಷ್ಟು, ಬಿಲ್ ಎಷ್ಟು ಅಂತ ಬರೆದುಕೊಳ್ಳುತ್ತಾ ಹೋಗಿ. ಇದಕ್ಕೆ ಟ್ರೇಸ್ ಮಾಡುವುದು ಅನ್ನುತ್ತಾರೆ. ಒಂದು ಪ್ರೋಗ್ರಾಂಗೆ ಒಂದು ಸಂಜೆ ಹೋಗಬಹುದು. ಹೋಗಲಿ. ಲ್ಯಾಬ್‌ನ ಹತ್ತು ಹದಿನೈದು ಪ್ರೋಗ್ರಾಂಗಳನ್ನು ಹೀಗೆ ಮಾಡಿದವರನ್ನು ನಾನು ಮೂರನೇ ಸೆಮಿಸ್ಟರ್‌ನಲ್ಲೂ ನೋಡಿದ್ದೇನೆ. ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿ) ಕಂಡು ಅವರು ಹೆದರುವುದಿಲ್ಲ, ಸುಮ್ನೆ ಹಾಳೆ ತೆಗೆದು ಡಬ್ಬಿ ಬಾಣ ಬರೆಯುತ್ತಾರೆ.

ಹೆಜ್ಜೆ 5: ಎರರ್ ಓದಿ

ಹದಿನಾಲ್ಕು ಎರರ್ ಬಂದವು ಅಂತ ಗಾಬರಿಯಾಗಿ ಎಲ್ಲ ಅಳಿಸಿ ಮೊದಲಿಂದ ಟೈಪ್ ಮಾಡುವವರಿದ್ದಾರೆ. ಮೊದಲನೆಯ ಎರರ್ ಮಾತ್ರ ಓದಿ. ಅದರಲ್ಲಿ ಸಾಲಿನ ಸಂಖ್ಯೆ ಇರುತ್ತದೆ. ಆ ಸಾಲು ಸರಿ ಕಂಡರೆ ಅದರ ಮೇಲಿನ ಸಾಲು ನೋಡಿ, ಸೆಮಿಕೋಲನ್ ಬಿಟ್ಟಿರುತ್ತೀರಿ. ಅದನ್ನು ಹಾಕಿದರೆ ಎಷ್ಟೋ ಸಲ ಉಳಿದ ಹದಿಮೂರೂ ಹೋಗುತ್ತವೆ. "ಅನ್‌ಡಿಕ್ಲೇರ್ಡ್" ಅಂದರೆ ಆ ಹೆಸರಿನ ವೇರಿಯಬಲ್ಲನ್ನು ಮೇಲೆ ಘೋಷಿಸಿಲ್ಲ, ಇಲ್ಲವೇ ಸ್ಪೆಲಿಂಗ್ ಬೇರೆ. "ಅನ್‌ಡಿಫೈನ್ಡ್ ರೆಫರೆನ್ಸ್" ಅಂದರೆ ಹೆಚ್ಚಿನ ಸಲ ಪ್ರಿಂಟ್‌ಎಫ್ ಥರದ ಫಂಕ್ಷನ್ ಹೆಸರನ್ನೇ ತಪ್ಪು ಬರೆದಿದ್ದೀರಿ.

ವಾರ್ನಿಂಗ್‌ಗಳನ್ನು ತಳ್ಳಿಹಾಕಬೇಡಿ. ಜಿಸಿಸಿಗೆ ಡಬ್ಲ್ಯೂ‑ಆಲ್ ಅನ್ನುವ ಆಯ್ಕೆ ಇದೆ, ಕೋಡ್‌ಬ್ಲಾಕ್ಸ್‌ನ ಕಂಪೈಲರ್ ಸೆಟ್ಟಿಂಗ್‌ನಲ್ಲಿ ಟಿಕ್ ಹಾಕಿದರೆ ಆಯ್ತು. ಸ್ಕ್ಯಾನ್‌ಎಫ್‌ನಲ್ಲಿ & ಚಿಹ್ನೆ ಮರೆತದ್ದು, ಇಫ್ ಒಳಗೆ == ಬದಲು = ಹಾಕಿದ್ದು, ಎರಡನ್ನೂ ಅದು ಹಿಡಿದುಕೊಡುತ್ತದೆ.

ಮೊದಲ ಸೆಮಿಸ್ಟರ್ ಮುಗಿಯುವವರೆಗೂ ಚಾಟ್‌ಜಿಪಿಟಿಯಿಂದ ಪ್ರೋಗ್ರಾಂ ಬರೆಸಬೇಡಿ. ಎರರ್‌ನ ಅರ್ಥ ಏನು ಅಂತ ಕೇಳಿ, ಕನ್ನಡದಲ್ಲೇ ಕೇಳಿ, ತಪ್ಪಿಲ್ಲ. ಅದರಿಂದ ಬರೆಸಿಕೊಂಡ ಪ್ರೋಗ್ರಾಂ ಮತ್ತು ಸೀನಿಯರ್ ರೆಕಾರ್ಡಿನಿಂದ ಇಳಿಸಿದ ಪ್ರೋಗ್ರಾಂ, ಎರಡರಿಂದಲೂ ನಿಮಗೆ ಸಿಗುವುದು ಒಂದೇ, ಏನೂ ಇಲ್ಲ.

ಹೆಜ್ಜೆ 6: ಉಳಿದದ್ದು

ರೆಕಾರ್ಡ್ ಆಯಾ ವಾರವೇ ಬರೆದು ಸಹಿ ಹಾಕಿಸಿ. ವಿಟಿಯು ಕಾಲೇಜಾದರೆ ಹಾಜರಿ 85% ಬೇಕು. ಗಣಿತ ಬಿಡಬೇಡಿ.

ಪಾಠ ಅರ್ಥ ಆಗದಿದ್ದರೆ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ ಉಚಿತವಾಗಿ ನೋಡಬಹುದು, ದುಡ್ಡು ಬೇಕಾಗುವುದು ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ. ಮೊದಲ ವರ್ಷದಲ್ಲೇ "ಇಂಟರ್ನ್‌ಶಿಪ್ ಕೊಡುತ್ತೇವೆ, ಫೀಸು ಕಟ್ಟಿ" ಅಂತ ವಾಟ್ಸಾಪ್‌ಗೆ ಬರುವ ಯಾವುದಕ್ಕೂ ದುಡ್ಡು ಕಟ್ಟಬೇಡಿ. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನೀವು ಅವರಿಗಲ್ಲ. ನಮ್ಮ ಕಾಲೇಜಿನ ಮಕ್ಕಳು ಕಟ್ಟಿ, ಒಂದು ಪಿಡಿಎಫ್ ಸರ್ಟಿಫಿಕೇಟ್ ತಂದು ತೋರಿಸಿದ್ದಾರೆ. ಆ ದುಡ್ಡು ಅವರಪ್ಪ ಹಾಲು ಹಾಕಿ ಸಂಪಾದಿಸಿದ್ದು.

ರಜೆಗೆ ಊರಿಗೆ ಹೋದಾಗ

ಮನೆಯ ಕರೆಂಟ್ ಬಿಲ್ ಕೈಗೆ ತೆಗೆದುಕೊಳ್ಳಿ. 2023ರಲ್ಲಿ ಗೃಹಜ್ಯೋತಿ ಶುರುವಾದಾಗಿನ ನಿಯಮ ಹೀಗಿತ್ತು: 2022-23ರ ತಿಂಗಳ ಸರಾಸರಿಗೆ 10% ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ಮೀರಿ 200ರ ಒಳಗಿದ್ದರೆ ಮೀರಿದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಎಷ್ಟು ಯೂನಿಟ್‌ಗೆ ದುಡ್ಡು ಕಟ್ಟಬೇಕು ಅಂತ ಹೇಳುವ ಪ್ರೋಗ್ರಾಂ ಬರೆಯಿರಿ. ಯಾವ ಮ್ಯಾನ್ಯುಯಲ್‌ನಲ್ಲೂ ಇದನ್ನು ಹುಡುಕಬೇಡಿ.

ಸರಾಸರಿ 100 ಇದ್ದ ಮನೆ 110 ಉರಿಸಿದರೆ ಸೊನ್ನೆ, 125 ಉರಿಸಿದರೆ 15, 201 ಉರಿಸಿದರೆ 201 ಬರಬೇಕು. 10/100 ಅಂತ ಬರೆದಿದ್ದರೆ ಏನಾಗುತ್ತದೆ ಅಂತ ಈಗ ನಿಮಗೆ ಗೊತ್ತು. ಅದೆಲ್ಲ ಸರಿ ಬಂದ ಮೇಲೆ ಸರಾಸರಿ 190 ಇದ್ದ ಮನೆಯನ್ನು ತೆಗೆದುಕೊಳ್ಳಿ. 10% ಸೇರಿಸಿದರೆ 209. ಆ ಮನೆಯವರು ಈ ತಿಂಗಳು 205 ಉರಿಸಿದ್ದಾರೆ. ನಿಮ್ಮ ಪ್ರೋಗ್ರಾಂ ಸೊನ್ನೆ ಅನ್ನುತ್ತದಾ, 205 ಅನ್ನುತ್ತದಾ? ಮೊದಲು ಹಾಳೆಯ ಮೇಲೆ ಬರೆದು, ಆಮೇಲೆ ರನ್ ಮಾಡಿ.