ಅಗ್ಗದ ಮಾಲ್ಬೆಕ್: ಮೊದಲು ತಂಪು ಮಾಡಿ, ಆಮೇಲೆ ರುಚಿ ನೋಡಿ

ಕಡಿಮೆ ಬೆಲೆಯ ರೆಡ್ ವೈನ್‌ಗಳಲ್ಲಿ ಹೊಸಬರಿಗೆ ಬೇಗ ಹಿಡಿಸುವುದು ಮಾಲ್ಬೆಕ್ ಎಂಬ ದ್ರಾಕ್ಷಿಯಿಂದ ಮಾಡಿದ ವೈನ್. ಹುಳಿ ಜಾಸ್ತಿ ಇರುವುದಿಲ್ಲ, ಒಗರು ಹಿತಮಿತ, ಹಣ್ಣಿನ ರುಚಿ ಎದ್ದು ಕಾಣುತ್ತದೆ. ಆದರೂ ‘ಬರೀ ಗಂಟಲು ಸುಡುತ್ತೆ’ ಎಂದು ಗ್ಲಾಸ್ ಪಕ್ಕಕ್ಕಿಡುವವರಿದ್ದಾರೆ. ಬಹಳಷ್ಟು ಸಲ ವೈನ್ ಸರಿಯಾಗಿಯೇ ಇರುತ್ತದೆ. ಬಿಸಿ ಕೋಣೆಯಲ್ಲಿದ್ದ ಬಾಟಲಿಯನ್ನು ಹಾಗೇ ತೆರೆದು ಸುರಿದಿರುತ್ತಾರೆ, ಅಷ್ಟೇ.

ಬಾಟಲಿ ಆರಿಸುವಾಗ

ಮಾಲ್ಬೆಕ್ ಹುಟ್ಟಿದ್ದು ಫ್ರಾನ್ಸಿನ ನೈಋತ್ಯ ಭಾಗದಲ್ಲಿ. ಅಲ್ಲಿನ ಕಾಓರ್ ಪ್ರದೇಶದ ವೈನ್‌ನಲ್ಲಿ ಕನಿಷ್ಠ ಶೇ 70ರಷ್ಟು ಇದೇ ದ್ರಾಕ್ಷಿ ಇರಬೇಕು. ಅದು ಸ್ವಲ್ಪ ಗಡಸು, ಒಗರೂ ಹೆಚ್ಚು. 1853ರಲ್ಲಿ ಮಿಷೆಲ್ ಪೂಜೆ ಎಂಬ ಫ್ರೆಂಚ್ ಕೃಷಿ ತಜ್ಞ ಅರ್ಜೆಂಟೀನಾಕ್ಕೆ ಫ್ರೆಂಚ್ ದ್ರಾಕ್ಷಿ ಬಳ್ಳಿಗಳನ್ನು ತಂದರು. ಮಾಲ್ಬೆಕ್‌ಗೆ ಅಲ್ಲಿನ ಮೆಂಡೋಸಾ ಪ್ರಾಂತ್ಯ ಚೆನ್ನಾಗಿ ಒಗ್ಗಿತು. ಆಂಡಿಸ್ ಪರ್ವತದ ಬುಡದ ಎತ್ತರದ ಜಾಗ ಅದು. ಅಲ್ಲಿನ ಊಕೋ ಕಣಿವೆಯ ಎಷ್ಟೋ ತೋಟಗಳು 1,000 ಮೀಟರ್‌ಗಿಂತ ಮೇಲಿವೆ. ಹಗಲಿನ ಬಿಸಿಲಿಗೆ ಹಣ್ಣು ಮಾಗುತ್ತದೆ, ರಾತ್ರಿಯ ಚಳಿಗೆ ಹುಳಿ ಉಳಿಯುತ್ತದೆ. ಅಗ್ಗದ ಬಾಟಲಿಯೂ ಸಪ್ಪೆ ಎನಿಸದಿರಲು ಇದೇ ಮುಖ್ಯ ಕಾರಣ.

ಅಗ್ಗದ ಮಾಲ್ಬೆಕ್ ಕೂಡಿಟ್ಟು ಹಳೆಯದು ಮಾಡುವ ವೈನ್ ಅಲ್ಲ. ಕಳೆದ ಎರಡು ಮೂರು ವರ್ಷದ ಬೆಳೆಯದ್ದನ್ನೇ ತೆಗೆದುಕೊಳ್ಳಿ. ಬಿರಡೆ ಬದಲು ತಿರುಪಿನ ಮುಚ್ಚಳ ಇದ್ದರೆ ಮೂಗು ಮುರಿಯಬೇಡಿ. ಇಂಥ ವೈನ್‌ಗೆ ನನ್ನ ಮತ ತಿರುಪಿನ ಮುಚ್ಚಳಕ್ಕೇ.

ರುಚಿ ನೋಡುವುದು

ಬಾಟಲಿಯನ್ನು 20–30 ನಿಮಿಷ ಫ್ರಿಜ್‌ನಲ್ಲಿಡಿ. ವೈನ್ 16ರಿಂದ 18 ಡಿಗ್ರಿ ಸೆಲ್ಸಿಯಸ್‌ಗೆ ಬರಬೇಕು. ಮಾಲ್ಬೆಕ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 13.5ರ ಆಚೀಚೆ ಅಥವಾ ಅದಕ್ಕೂ ಮೇಲಿರುತ್ತದೆ. ಬೆಚ್ಚಗಿದ್ದರೆ ಮೂಗಿಗೆ ಮೊದಲು ಹೊಡೆಯುವುದು ಅದೇ. ಹಾಗಂತ ತೀರಾ ತಣ್ಣಗೆ ಮಾಡಿದರೆ ಪರಿಮಳ ಮುದುಡಿ, ಒಗರು ಮುಂದೆ ಬರುತ್ತದೆ.

ಗ್ಲಾಸ್‌ನಲ್ಲಿ ಮೂರನೇ ಒಂದು ಭಾಗ ಮಾತ್ರ ಸುರಿಯಿರಿ. ಬಿಳಿ ಕಾಗದದ ಮೇಲೆ ಓರೆ ಮಾಡಿ ನೋಡಿ. ನಡುವೆ ಕಡು ನೇರಳೆ, ಅಂಚಿನಲ್ಲಿ ಗುಲಾಬಿ ಕಂಡರೆ ವೈನ್ ಇನ್ನೂ ಎಳೆಯದು. ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಅದರ ಒಳ್ಳೆಯ ಕಾಲ ಮುಗಿದಿರುವ ಸಾಧ್ಯತೆ ಹೆಚ್ಚು.

ಈಗ ಮೂಗಿನ ಸರದಿ. ಗ್ಲಾಸ್ ಅಲ್ಲಾಡಿಸದೆ ಒಮ್ಮೆ, ಮೆಲ್ಲಗೆ ಸುತ್ತಿಸಿ ಇನ್ನೊಮ್ಮೆ ಮೂಸಿ. ಎರಡನೇ ಸಲ ಪ್ಲಮ್, ಬ್ಲ್ಯಾಕ್‌ಬೆರಿ, ಕೆಲವೊಮ್ಮೆ ವಯಲೆಟ್ ಹೂವಿನ ವಾಸನೆ ಬಿಚ್ಚಿಕೊಳ್ಳುತ್ತದೆ. ವೆನಿಲಾ, ಕೋಕೋ ಬಂದರೆ ಅದು ಓಕ್ ಮರದ್ದು. ಅಗ್ಗದ ವೈನ್‌ಗೆ ಪೀಪಾಯಿಯ ಬದಲು ಓಕ್ ಚಕ್ಕೆಗಳನ್ನು ಹಾಕುವುದೂ ಉಂಟು. ಆದರೆ ಒದ್ದೆ ರಟ್ಟಿನ ವಾಸನೆ ಬಂದರೆ ವೈನ್ ಕೆಟ್ಟಿದೆ ಎಂದರ್ಥ, ಬಾಟಲಿ ವಾಪಸ್ ಕೊಡಿ.

ಸಣ್ಣ ಗುಟುಕು ತೆಗೆದುಕೊಂಡು ಬಾಯಿ ತುಂಬ ಆಡಿಸಿ. ನುಂಗಿದ ಮೇಲೆ ವಸಡು ಒಣಗಿದ ಹಾಗಾಗುತ್ತದೆ, ಹಾಲಿಲ್ಲದ ಗಟ್ಟಿ ಚಹಾ ಕುಡಿದಾಗ ಆಗುತ್ತದಲ್ವಾ, ಹಾಗೆ. ಅದೇ ಟ್ಯಾನಿನ್. ಈಗ ಉಪ್ಪಿರುವ ಗಟ್ಟಿ ಚೀಸಿನ ಚೂರೊಂದನ್ನು ಜಗಿದು, ಮತ್ತೆ ಒಂದು ಗುಟುಕು ಕುಡಿಯಿರಿ. ಒಗರು ಇಳಿದು ಹಣ್ಣು ಮೇಲೆ ಬಂದಿರುತ್ತದೆ. ಚೀಸಿನ ಕೊಬ್ಬು, ಪ್ರೋಟೀನು, ಉಪ್ಪು ಸೇರಿ ಮಾಡುವ ಕೆಲಸ ಇದು.

ಜೊತೆಗೆ ಏನು?

ಚೀಸಿಗೆ ಅನ್ವಯಿಸಿದ್ದೇ ಊಟಕ್ಕೂ. ಅರ್ಜೆಂಟೀನಾದವರು ಕೆಂಡದ ಮೇಲೆ ಸುಟ್ಟ ಮಾಂಸದ ಜೊತೆ, ಅಂದರೆ ಅಸಾಡೋ ಜೊತೆ, ಮಾಲ್ಬೆಕ್ ಕುಡಿಯುತ್ತಾರೆ. ಕುರಿ ಮಾಂಸ, ಬರ್ಗರ್, ಪಿಜ್ಜಾ ಎಲ್ಲಕ್ಕೂ ನಡೆಯುತ್ತದೆ. ಮಾಂಸ ತಿನ್ನದವರು ಚೆನ್ನಾಗಿ ಕೆಂಪಗೆ ಹುರಿದ ಅಣಬೆ ಅಥವಾ ಸುಟ್ಟ ಬದನೆಕಾಯಿ ಇಟ್ಟುಕೊಳ್ಳಿ. ಸ್ವಲ್ಪ ಕಮರಿದ ರುಚಿ ಇದಕ್ಕೆ ಭಾರಿ ಹೊಂದುತ್ತದೆ.

ಕಡು ಖಾರ ಬೇಡ, ಖಾರ ಆಲ್ಕೋಹಾಲಿನ ಉರಿಯನ್ನು ಹೆಚ್ಚಿಸುತ್ತದೆ. ಮೀನಿನ ಜೊತೆ ಬಾಯಲ್ಲಿ ಲೋಹದ ರುಚಿ ಬರಬಹುದು. ಸಿಹಿತಿಂಡಿ ತಿಂದು ಕುಡಿದರೆ ವೈನ್ ಹುಳಿ ಎನಿಸುತ್ತದೆ. ಡಾರ್ಕ್ ಚಾಕೊಲೇಟ್ ಜೋಡಿಯನ್ನು ಬಹಳ ಜನ ಹೊಗಳುತ್ತಾರೆ. ನನಗಂತೂ ಕಹಿಯ ಮೇಲೆ ಒಗರು ಬಿದ್ದ ಹಾಗೆ, ಸುಮ್ನೆ ಎರಡೂ ದಂಡ.

ಬಾಟಲಿಯಲ್ಲಿ ಮಿಕ್ಕಿದ್ದನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ. ಅದಕ್ಕಿಂತ ಹಳೆಯದಾದರೆ ಅಣಬೆ ಸಾಸಿಗೋ ಮಾಂಸದ ಸ್ಟ್ಯೂಗೋ ಸುರಿದುಬಿಡಿ.