ವೀಸಾ ವಿಸ್ತರಣೆಗೆ ಮೊದಲು ಗಾಡಿಯ ಲೆಕ್ಕ: ಮೈಸೂರಿನಲ್ಲಿ ನಾನು ಅನುಸರಿಸುವ ಕ್ರಮ

ಮೈಸೂರಿನಲ್ಲಿ ಓದುವ, ಕೆಲಸ ಮಾಡುವ ವಿದೇಶಿಯರಿಗೆ ಇ-ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ, ವೀಸಾ ವಿಸ್ತರಣೆಯ ಸರ್ಕಾರಿ ಆನ್‌ಲೈನ್ ತಾಣ) ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ವೀಸಾ ಮುಗಿಯಲು ಎರಡು ತಿಂಗಳು ಇರುವಾಗಲೇ ಫೈಲು ತೆರೆಯುತ್ತೇನೆ. ಪಾಸ್‌ಪೋರ್ಟಿಗಿಂತ ಮೊದಲು ಕೇಳುವುದು ಗಾಡಿಯ ನಂಬರು. ಮಾನಸಗಂಗೋತ್ರಿಯ ವಿದ್ಯಾರ್ಥಿಯಾಗಲಿ, ಗೋಕುಲಂನಲ್ಲಿ ಯೋಗ ಕಲಿಯಲು ಬಂದವರಾಗಲಿ, ಸ್ಕೂಟರ್ ಮುಟ್ಟದವರು ಕಡಿಮೆ.

‘ಹೆಲ್ಮೆಟ್ ಹಾಕದೆ ಐನೂರು ರೂಪಾಯಿ ದಂಡ ಕಟ್ಟಿದ್ದೀನಿ ಸಾರ್, ವೀಸಾ ಹೋಗುತ್ತಾ?’ ಎಂಬ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಅಷ್ಟಕ್ಕೆ ಹೋಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಪ್ರಕಾರ ದಂಡ ಕಟ್ಟಿ ಮುಗಿಸಿದ ತಪ್ಪಿಗೆ ಮುಂದೆ ಕೋರ್ಟಿನ ಕೇಸು ನಡೆಯುವುದಿಲ್ಲ. ರಸೀದಿಯನ್ನು ಫೈಲಿನಲ್ಲಿ ಇಟ್ಟರೆ ಸಾಕು. ವಿಸ್ತರಣೆಗೆ ತೊಡಕಾಗುವುದು ಕಟ್ಟದೆ ಬಿಟ್ಟು ಕೋರ್ಟಿಗೆ ಹೋದ ಕೇಸು, ಕುಡಿದು ಓಡಿಸಿದ ಕೇಸು, ಯಾರಿಗಾದರೂ ಪೆಟ್ಟಾಗಿ ಎಫ್‌ಐಆರ್ ಆದ ಕೇಸು. ಅರ್ಜಿ ಹೋದ ಮೇಲೆ ಸ್ಥಳೀಯ ಪೊಲೀಸರಿಂದ ವರದಿ ತರಿಸಿಕೊಳ್ಳಬಹುದು. ನಗರದೊಳಗೆ ಅದು ಕಮಿಷನರ್ ಕಚೇರಿಯ ವ್ಯಾಪ್ತಿ, ಬೈಲಕುಪ್ಪೆಯಂಥ ಊರುಗಳಿಗೆ ಜಿಲ್ಲಾ ಎಸ್‌ಪಿ ಕಚೇರಿಯದು. ಬಾಕಿ ಕೇಸು ಇದ್ದರೆ ಆ ವರದಿಯಲ್ಲಿ ಬರುತ್ತದೆ ಎಂದುಕೊಂಡೇ ಫೈಲು ಸಿದ್ಧ ಮಾಡಬೇಕು.

ಹುಡುಕುವ ಕೆಲಸ ಪರಿವಾಹನ್ ಇ-ಚಲನ್ ತಾಣದಿಂದ ಶುರು. ಗಾಡಿ ನಂಬರಿನ ಜೊತೆಗೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ 5 ಅಂಕಿ ಬೇಕು, ಆದ್ದರಿಂದ ಆರ್‌ಸಿ ಕಾರ್ಡಿನ ಫೋಟೊ ಮೊದಲೇ ತರಿಸಿಕೊಳ್ಳುತ್ತೇನೆ. ಆಮೇಲೆ ಕರ್ನಾಟಕ ಒನ್ ಕೇಂದ್ರದಲ್ಲಿ ಅದೇ ನಂಬರು ಕೊಟ್ಟು ಇನ್ನೊಮ್ಮೆ ನೋಡಿಸುತ್ತೇನೆ, ಏಕೆಂದರೆ ಒಂದು ಕಡೆ ಕಾಣದ ಬಾಕಿ ಇನ್ನೊಂದು ಕಡೆ ಕಾಣುವುದುಂಟು. ದಂಡವನ್ನೂ ಅಲ್ಲೇ ಕಟ್ಟಬಹುದು. ಸರ್ಕಾರ 2023ರಲ್ಲೂ 2025ರಲ್ಲೂ ಹಳೇ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತ್ತು. ಮತ್ತೆ ಬರಲಿ ಎಂದು ಕಾಯುವುದು ಊರವರಿಗೆ ನಡೆದೀತು, ವೀಸಾ ತಾರೀಖು ಎದುರಿಗಿರುವವರಿಗೆ ನಡೆಯುವುದಿಲ್ಲ.

ಕ್ಯಾಮೆರಾ ಹಿಡಿದ ದಂಡ ಗಾಡಿಯ ಮಾಲೀಕರ ಹೆಸರಿಗೆ ಹೋಗುತ್ತದೆ. ಬಾಡಿಗೆ ಸ್ಕೂಟರ್ ಓಡಿಸಿದವರಿಗೆ ಮೆಸೇಜೂ ಬರುವುದಿಲ್ಲ. ಅದಕ್ಕೆ ಗಾಡಿ ಹಿಂದಿರುಗಿಸುವ ದಿನ ಬಾಕಿ ನೋಡಿ, ತಮ್ಮ ಪಾಲಿನದನ್ನು ಕಟ್ಟಿ, ರಸೀದಿ ಇಟ್ಟುಕೊಳ್ಳಿ ಎನ್ನುತ್ತೇನೆ. ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಮನೆಯ ಬಿಳಿ ಬೋರ್ಡಿನ ಸ್ಕೂಟರನ್ನು ತಿಂಗಳ ಬಾಡಿಗೆಗೆ ಕೊಟ್ಟಿದ್ದು, ಅದು ಅಪಘಾತಕ್ಕೆ ಸಿಕ್ಕರೆ ಇನ್ಶೂರೆನ್ಸ್ ಕಂಪನಿ ತಕರಾರು ತೆಗೆಯುತ್ತದೆ. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟ ಮಾಲೀಕರ ಮೇಲೂ 180ನೇ ಕಲಂ ಬೀಳುತ್ತದೆ. ಮನೆ ಬಾಡಿಗೆ ಜೊತೆಗೆ ಸ್ಕೂಟರನ್ನೂ ಕೊಡುವ ಮಾಲೀಕರು ಇದನ್ನು ದಯವಿಟ್ಟು ಗಮನಿಸಬೇಕು.

ಲೈಸೆನ್ಸಿನ ವಿಷಯದಲ್ಲಿ ತಪ್ಪುಕಲ್ಪನೆ ಬಹಳ. ಊರಿನ ಲೈಸೆನ್ಸ್ ಇದ್ದರೆ ಸಾಲದು, ಅದೇ ದೇಶದಲ್ಲಿ ಕೊಟ್ಟ, 1949ರ ಜಿನೀವಾ ಒಪ್ಪಂದದ ಮಾದರಿಯ ಅಂತಾರಾಷ್ಟ್ರೀಯ ಪರ್ಮಿಟ್ ಜೊತೆಗಿರಬೇಕು. ಅದರ ಅವಧಿ ಒಂದು ವರ್ಷ. ಅದರಲ್ಲಿ ದ್ವಿಚಕ್ರದ ‘ಎ’ ವರ್ಗಕ್ಕೆ ಮುದ್ರೆ ಬಿದ್ದಿದೆಯೋ ನೋಡಬೇಕು. ಕಾರಿಗೆ ಮಾತ್ರ ಮುದ್ರೆ ಇದ್ದು ಸ್ಕೂಟರ್ ಓಡಿಸಿದರೆ ಲೈಸೆನ್ಸ್ ಇಲ್ಲದ ಹಾಗೆಯೇ. ಇಂಟರ್ನೆಟ್ಟಿನಲ್ಲಿ ದುಡ್ಡು ಕೊಟ್ಟರೆ ಸಿಗುವ ‘ಅಂತಾರಾಷ್ಟ್ರೀಯ ಲೈಸೆನ್ಸ್’ ಕಾರ್ಡು ಕೆಲಸಕ್ಕೆ ಬಾರದು. ವರ್ಷಕ್ಕಿಂತ ಹೆಚ್ಚು ಇರುವವರಿಗೆ ಇಲ್ಲಿಯದೇ ಲೈಸೆನ್ಸ್ ಮಾಡಿಸಿಕೊಳ್ಳಿ ಎಂದು ಒತ್ತಾಯವೇ ಮಾಡುತ್ತೇನೆ: ಮೊದಲು ಕಲಿಯುವವರ ಲೈಸೆನ್ಸ್ ಆದ ಎಲ್‌ಎಲ್‌ಆರ್, 30 ದಿನ ಕಳೆದ ಮೇಲೆ ಟೆಸ್ಟ್. ಎಲ್‌ಎಲ್‌ಆರ್ ಅವಧಿ 6 ತಿಂಗಳು.

ಕುಡಿದು ಓಡಿಸಿದ್ದಕ್ಕೆ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವ ದಾರಿ ಇಲ್ಲ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ 185ನೇ ಕಲಂ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಾಡಿ ಠಾಣೆಯಲ್ಲಿ ಉಳಿಯುತ್ತದೆ, ಕೇಸು ಕೋರ್ಟಿಗೆ ಹೋಗುತ್ತದೆ. ‘ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದುಬಿಡಿ’ ಎಂದು ಸುತ್ತಲಿನವರು ಹೇಳುತ್ತಾರೆ. ಹಾಗೆ ಒಪ್ಪಿಕೊಂಡರೆ ಅದು ಅಪರಾಧ ಸಾಬೀತಾದ ಆದೇಶ ಎಂಬುದು ವಿದೇಶಿಯರಿಗೆ ಗೊತ್ತಿರುವುದಿಲ್ಲ. ಒಪ್ಪಿಕೊಳ್ಳುವುದೇ ಸರಿ ಇರಬಹುದು, ಆದರೆ ವಕೀಲರನ್ನು ಕೇಳಿ, ಅರ್ಥ ತಿಳಿದು ಒಪ್ಪಿಕೊಳ್ಳಲಿ. ಪೆಟ್ಟಾದ ಅಪಘಾತದಲ್ಲಂತೂ ಭಾರತೀಯ ನ್ಯಾಯ ಸಂಹಿತೆಯ 281, 125ನೇ ಕಲಂ ಸೇರುತ್ತವೆ. ವಕೀಲರಿಲ್ಲದೆ ಒಂದು ಹೆಜ್ಜೆಯೂ ಬೇಡ. ಜಾಮೀನಿನ ಷರತ್ತಿಗಾಗಿ ಪಾಸ್‌ಪೋರ್ಟ್ ಕೋರ್ಟಿನಲ್ಲಿ ಇದ್ದರೆ, ವಿಸ್ತರಣೆಗೆಂದು ಅದನ್ನು ತಾತ್ಕಾಲಿಕವಾಗಿ ಬಿಡಿಸಿಕೊಳ್ಳಲು ಬೇರೆ ಅರ್ಜಿ ಹಾಕಿಸಬೇಕು. ಊರಿಗೆ ಹೋಗಿ ಬರಲೂ ಕೋರ್ಟಿನ ಅನುಮತಿ ಬೇಕಾಗಬಹುದು, ಟಿಕೆಟ್ ಆಮೇಲೆ.

ಕೇಸು ಮುಗಿದವರ ಫೈಲಿನಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಹೆಸರಿನ ಮೇಲೆ. ಪಾಸ್‌ಪೋರ್ಟಿನಲ್ಲಿ ಕುಟುಂಬದ ಹೆಸರು ಒಂದು ಸಾಲು, ಸ್ವಂತ ಹೆಸರು ಇನ್ನೊಂದು ಸಾಲು. ರಸ್ತೆಯಲ್ಲಿ ಬರೆದುಕೊಳ್ಳುವವರು ಕಿವಿಗೆ ಬಿದ್ದ ಒಂದು ಹೆಸರನ್ನಷ್ಟೇ ಬರೆದಿರುತ್ತಾರೆ, ಕನ್ನಡದಿಂದ ಇಂಗ್ಲಿಷಿಗೆ ಬರುವಾಗ ಕಾಗುಣಿತವೂ ಬದಲಾಗುತ್ತದೆ. ಇ-ಕೋರ್ಟ್ ತಾಣದಲ್ಲಿ ಪಾಸ್‌ಪೋರ್ಟಿನ ಹೆಸರು ಹಾಕಿದರೆ ಏನೂ ಸಿಗುವುದಿಲ್ಲ, ಕೇಸೇ ಇಲ್ಲ ಎಂದು ನಂಬಿ ಕೂರುತ್ತಾರೆ. ನಾನು ಠಾಣೆಯವರು ಕೇಸಿಗೆ ಕೊಟ್ಟ ಕ್ರೈಂ ನಂಬರಿನಿಂದ ಹುಡುಕುತ್ತೇನೆ. ಎಫ್‌ಐಆರ್ ಆದ ದಿನವೇ ಆರೋಪಿಯ ಕಾಲಂನಲ್ಲಿ ಪಾಸ್‌ಪೋರ್ಟ್ ನಂಬರ್ ಬರೆಸಿದ್ದರೆ, ಮುಂದೆ ಹೆಸರು ಹೇಗೇ ಇದ್ದರೂ ಇದು ಇವರದೇ ಎಂದು ತೋರಿಸಬಹುದು.

ಕೋರ್ಟಿನ ಆದೇಶದ ಜೆರಾಕ್ಸ್ ಬೇಡ, ದೃಢೀಕೃತ ನಕಲು ಬೇಕು. ನಕಲು ಅರ್ಜಿ ಹಾಕಿದ ದಿನವೇ ಅದು ಕೈಗೆ ಬರುವುದಿಲ್ಲ, ಎರಡು ವಾರ ಇಟ್ಟುಕೊಂಡಿರಿ. ಅದರ ಜೊತೆ ದಂಡದ ರಸೀದಿ, ಅರ್ಧ ಪುಟದ ವಿವರಣೆ: ಯಾವ ದಿನ, ಯಾವ ಠಾಣೆ, ಯಾವ ಕಲಂ, ಕೇಸು ಈಗ ಎಲ್ಲಿದೆ. ಕ್ಷಮೆ, ಕಾರಣ, ಕಷ್ಟ ಯಾವುದೂ ಬೇಡ. ಕೇಸಿದೆಯೇ ಎಂದು ಕೇಳಿದರೆ ಮುಚ್ಚಿಡಲೇಬಾರದು; ಸಣ್ಣ ಕೇಸನ್ನು ದೊಡ್ಡದು ಮಾಡುವುದು ಆ ಸುಳ್ಳೇ. ಕೇಸು ಮುಗಿಯಲಿ ಎಂದು ಅರ್ಜಿಯನ್ನು ತಡೆಹಿಡಿಯುವುದೂ ತಪ್ಪು. ವೀಸಾ ಅವಧಿ ಮೀರಿ ಉಳಿಯುವುದು 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ಬೇರೆಯೇ ಅಪರಾಧ. ಬಾಕಿ ಎಂದು ಬರೆದೇ ಅರ್ಜಿ ಹಾಕಿ.

ಗಾಡಿ ಕೇಸಿನ ನೆಪದಲ್ಲಿ ಹೊರಬೀಳುವ ಇನ್ನೊಂದು ಸಂಗತಿ ವಿಳಾಸ. ಎಫ್‌ಐಆರ್‌ನಲ್ಲಿ ಕುವೆಂಪುನಗರ, ವಿದೇಶಿಯರ ನೋಂದಣಿಯಲ್ಲಿ ಸರಸ್ವತಿಪುರಂ ಎಂದಿದ್ದರೆ, ಮನೆ ಬದಲಿಸಿ ತಿಳಿಸಿಲ್ಲ ಎಂಬುದು ಎದ್ದು ಕಾಣುತ್ತದೆ. ಮನೆಯಲ್ಲಿ ವಿದೇಶಿಯರು ಇರುವುದನ್ನು ತಿಳಿಸುವ ಫಾರಂ (ಹಿಂದೆ ಸಿ ಫಾರಂ ಎನ್ನುತ್ತಿದ್ದರು) ಹೊಸ ಮನೆಯ ಮಾಲೀಕರು ಹಾಕಿದ್ದಾರೋ ನೋಡಿ, ಇ-ಎಫ್‌ಆರ್‌ಆರ್‌ಒದಲ್ಲಿ ವಿಳಾಸ ಬದಲಾವಣೆ ಮಾಡಿಸಿ, ಆಮೇಲೆ ವಿಸ್ತರಣೆಗೆ ಕೈಹಾಕುತ್ತೇನೆ.

ಠಾಣೆಯಲ್ಲಿ ‘ಆರ್‌ಸಿ ಕೊಡಿ’ ಎಂದರೆ ಗಾಡಿಯದು. ವೀಸಾ ಕಾಗದಗಳಲ್ಲಿ ಆರ್‌ಸಿ ಎಂದರೆ ವಿದೇಶಿಯರ ನೋಂದಣಿ ಪತ್ರ. ಎರಡರ ಪ್ರತಿಯನ್ನೂ ಫೋನಿನಲ್ಲಿ ಬೇರೆ ಬೇರೆ ಹೆಸರು ಕೊಟ್ಟು ಇಟ್ಟುಕೊಳ್ಳಿ.